ಮೊಣಕಾಲಿನ ಖಾತೆ ಪುಸ್ತಕ

ಬಲ ಮೊಣಕಾಲಿನ ಕೀಲು ಬದಲಿಸಿಕೊಂಡು ಮನೆಗೆ ಬಂದಾಗ ನನ್ನ ಕಾಲು ಮಡಚುತ್ತಿದ್ದುದು 60 ಡಿಗ್ರಿ ಮಾತ್ರ. ಸಮನೆಲದಲ್ಲಿ ನಡೆಯಲು 70ರಷ್ಟಾದರೂ ಬೇಕು, ಮೆಟ್ಟಿಲು ಹತ್ತಲು 90ರ ಹತ್ತಿರ. ನನ್ನ ಕೋಣೆ ಇರುವುದು ಮಹಡಿಯ ಮೇಲೆ. ಆರು ವಾರದಲ್ಲಿ 90 ಮುಟ್ಟದಿದ್ದರೆ ಅರಿವಳಿಕೆ ಕೊಟ್ಟು ಕಾಲನ್ನು ತಾವೇ ಬಗ್ಗಿಸಬೇಕಾದೀತು ಎಂದಿದ್ದರು ಡಾಕ್ಟರು. ಮತ್ತೆ ಆಪರೇಷನ್ ಕೋಣೆಗೆ ಹೋಗುವುದು ನನಗೆ ಬೇಡವಾಗಿತ್ತು.

ಹೊಸ ಕೀಲು ಲೋಹ ಮತ್ತು ಪ್ಲಾಸ್ಟಿಕ್ಕಿನದು, ಅದು ಬಿಗಿಯುವುದಿಲ್ಲ. ಗಾಯ ಮಾಯುವಾಗ ಸುತ್ತಲೂ ದೇಹ ಹೊಸ ಅಂಗಾಂಶ ಹೆಣೆಯುತ್ತದೆ. ಕಾಲು ಆಡಿಸದೆ ಬಿಟ್ಟರೆ ಅದೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಮೂರು ಸಲ ವ್ಯಾಯಾಮ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು, ಹಾಸಿಗೆಯ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಹಿಂದಕ್ಕೆ ಜಾರಿಸುವುದು. ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟರೆ ಸಲೀಸು. ಆಮೇಲೆ ಬಟ್ಟೆ ಸುತ್ತಿದ ಐಸ್ ಪ್ಯಾಕ್, ಹದಿನೈದು ನಿಮಿಷ. ಮಡಚಿದಷ್ಟೇ ನೆಟ್ಟಗಾಗುವುದೂ ಮುಖ್ಯ. ಮೊಣಕಾಲಿನ ಕೆಳಗೆ ದಿಂಬು ಹಾಯೆನಿಸಿದರೂ ಕಾಲು ಬಾಗಿದಂತೆಯೇ ಉಳಿದೀತೆಂದು ಮನೆಯಾಕೆ ದಿಂಬನ್ನು ಬೀರುವಿನೊಳಗಿಟ್ಟಳು.

ಅಳತೆಯ ಕೆಲಸ ಆರನೇ ತರಗತಿಯ ಮೊಮ್ಮಗಳದು. ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಚಿಕ್ಕದಾಯಿತೆಂದು ರಟ್ಟಿನಲ್ಲಿ ದೊಡ್ಡದೊಂದು ಕತ್ತರಿಸಿದಳು. ಮೊದಲ ದಿನವೇ, "ತಾತ, 115 ಬಂತು!" ಎಂದು ಕುಣಿದಳು. ಫಿಸಿಯೋಥೆರಪಿಸ್ಟ್ ನಕ್ಕರು. ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಸರಳಕೋನ 180; ಆಸ್ಪತ್ರೆಯಲ್ಲಿ ನೆಟ್ಟಗಿನ ಕಾಲು ಸೊನ್ನೆ. 180ರಲ್ಲಿ 115 ಕಳೆದು ನೋಡಿ.

65 ಎಂದು ನೋಟ್ ಪುಸ್ತಕದಲ್ಲಿ ಬರೆದೆ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ಏಳುವಂತಿರಲಿಲ್ಲ, ಈ ಖಾತೆಯ ರೀತಿಯೇ ಬೇರೆ. ಬೆಳಗ್ಗೆ ಬಿಗಿತ ಹೆಚ್ಚು, ಅಂಕಿ ಕಡಿಮೆ; ಸಂಜೆಗೆ ಏರುತ್ತಿತ್ತು. ಮೂರನೇ ವಾರ ಊತ ಬಂದು 78 ಇದ್ದದ್ದು 71ಕ್ಕೆ ಇಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಜಗ್ಗಬೇಡಿ, ಎರಡು ದಿನ ಮೆಲ್ಲಗೆ ಮಾಡಿ, ವಾರದ ಲೆಕ್ಕ ನೋಡಿ ಎಂದರು ಫಿಸಿಯೋ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು, ಇವು ಬಂದರೆ ಮಾತ್ರ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು.

ಆರನೇ ವಾರದ ಕೊನೆಗೆ 94. ಈಗ 112. ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂರುವ ಆಸೆ ಬಿಟ್ಟಿದ್ದೇನೆ, ಹಬ್ಬದೂಟವೂ ಮೇಜಿನ ಮೇಲೆಯೇ. ಆದರೆ ರಾತ್ರಿ ಮಲಗುವುದು ಮಹಡಿಯಲ್ಲಿ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಬಲಗಾಲು ಮೊದಲು, ಕೈ ಕಂಬಿಯ ಮೇಲೆ. ಹದಿನೇಳು ಮೆಟ್ಟಿಲು. ಮೊಮ್ಮಗಳು ಹಿಂದಿನಿಂದ ಎಣಿಸುತ್ತಾ ಬರುತ್ತಾಳೆ.