ಅಕ್ಕನ ತೀರ್ಪು, ನನ್ನ ಸ್ಟಾಪ್‌ವಾಚ್

ಮೊದಲೇ ಹೇಳಿಬಿಡುತ್ತೇನೆ, ಪರೀಕ್ಷೆ ಬರೆದದ್ದು ನಾನಲ್ಲ. ನಾನು ಬಿ.ಇ. ಐದನೇ ಸೆಮಿಸ್ಟರ್‌ನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಅದರಲ್ಲೂ ಒಂದು ಪೇಪರ್ ಇನ್ನೂ ಬಾಕಿ ಇಟ್ಟುಕೊಂಡವನು. ಸಿವಿಲ್ ನ್ಯಾಯಾಧೀಶರ ಹುದ್ದೆಯ ಮುಖ್ಯ ಪರೀಕ್ಷೆ ಬರೆದದ್ದು ನನ್ನ ಅಕ್ಕ. ಆದರೆ ಎರಡು ತಿಂಗಳು ಪ್ರತಿ ರಾತ್ರಿ ಅವಳ ಎದುರು ಕೂತು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದವನು, ಅವಳು ಬರೆದ ಹಾಳೆ ಓದಿ ತಪ್ಪು ಹುಡುಕಿದವನು ನಾನು. ಹಾಗಾಗಿ ಈ ಪರೀಕ್ಷೆ ಏನು ಕೇಳುತ್ತದೆ ಅಂತ ಹೇಳುವ ಅಧಿಕಾರ ನನಗೂ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಅಕ್ಕನಿಗೆ ಇದು ಎರಡನೇ ಯತ್ನ. ಕಳೆದ ಸಲ ಕಾನೂನಿನ ಮೂರೂ ಪತ್ರಿಕೆ ಚೆನ್ನಾಗಿ ಬರೆದು, ಅನುವಾದದಲ್ಲಿ ಹೋಗಿಬಿಟ್ಟಿದ್ದಳು. 'ಕನ್ನಡ ಮೀಡಿಯಂನಲ್ಲಿ ಓದಿದವಳು ಅನುವಾದದಲ್ಲಿ ಫೇಲಾ?' ಅಂತ ನೆಂಟರ ಮದುವೆಯಲ್ಲಿ ಯಾರೋ ಕೇಳಿದ್ದರು. ಅವತ್ತು ಊಟದ ಎಲೆ ಮುಂದೆ ಅವಳು ತಲೆ ಎತ್ತಿರಲಿಲ್ಲ.

ನಾಲ್ಕು ಪತ್ರಿಕೆ, ಎರಡು ದಿನ

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರ ನೇಮಕಾತಿ ನಡೆಸುವುದು ಹೈಕೋರ್ಟ್. ನಮ್ಮೂರ ಕಡೆ ಹಿರಿಯರು ಈಗಲೂ 'ಮುನ್ಸೀಫರು' ಅನ್ನುತ್ತಾರಲ್ಲ, ಅದೇ ಹುದ್ದೆ. ಮೊದಲು 100 ಅಂಕಗಳ ಬಹು ಆಯ್ಕೆಯ ಪೂರ್ವಭಾವಿ ಪರೀಕ್ಷೆ. ಅದು ಬರೀ ಒಳಗೆ ಹೋಗುವ ಬಾಗಿಲು, ಆ ಅಂಕ ಕೊನೆಯ ಪಟ್ಟಿಗೆ ಸೇರುವುದಿಲ್ಲ. ಆಮೇಲೆ ತಲಾ 100 ಅಂಕಗಳ ನಾಲ್ಕು ಲಿಖಿತ ಪತ್ರಿಕೆಗಳು. ಒಂದು ಅನುವಾದ. ಎರಡನೆಯದು ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ, ಸಾಕ್ಷ್ಯ ಕಾನೂನು, ವಾದಪತ್ರ ರಚನೆ, ಸಂವಿಧಾನ. ಮೂರನೆಯದರಲ್ಲಿ ಸಿವಿಲ್ ಪ್ರಕರಣ ಕೊಟ್ಟು ವಿವಾದಾಂಶ ರಚಿಸಿ ತೀರ್ಪು ಬರೆಯಿರಿ ಅನ್ನುತ್ತಾರೆ. ನಾಲ್ಕನೆಯದರಲ್ಲಿ ಕ್ರಿಮಿನಲ್ ಪ್ರಕರಣ ಕೊಟ್ಟು ದೋಷಾರೋಪಣೆ ರಚಿಸಿ ತೀರ್ಪು ಬರೆಯಿರಿ ಅನ್ನುತ್ತಾರೆ. ಒಂದೊಂದು ಪತ್ರಿಕೆಯಲ್ಲೂ ಕನಿಷ್ಠ ಅಂಕ ಬರಲೇಬೇಕು, ಒಂದರಲ್ಲಿ ಮಿಂಚಿ ಇನ್ನೊಂದನ್ನು ತುಂಬಿಸಿಕೊಳ್ಳಲು ಆಗುವುದಿಲ್ಲ. ಇದೆಲ್ಲ ದಾಟಿದವರಿಗೆ ಸಂದರ್ಶನ.

ಇದನ್ನು ಕೇಳಿದಾಗ ನನಗೆ ಅನಿಸಿದ್ದು: ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಈ ನಂಬಿಕೆ ಒಂದೇ ರಾತ್ರಿಯಲ್ಲಿ ಬಿತ್ತು.

ಎರಡು ನಿಮಿಷದ ತೀರ್ಪು

ಅಕ್ಕ ಕೆಲಸ ಕಲಿಯುತ್ತಿರುವ ಹಿರಿಯ ವಕೀಲರು ಅಭ್ಯಾಸಕ್ಕೆಂದು ಒಂದು ಪ್ರಶ್ನೆ ಬರೆದುಕೊಟ್ಟಿದ್ದರು. ಒಬ್ಬರು ಇನ್ನೊಬ್ಬರಿಗೆ ಕೈಸಾಲ ಕೊಟ್ಟು, ಕೇಳಿದಾಗ ಹಿಂತಿರುಗಿಸುತ್ತೇನೆ ಎಂಬ ಪ್ರೊನೋಟ್ ಬರೆಸಿಕೊಂಡಿದ್ದಾರೆ. ದಿನಾಂಕ 2015ರ ಮಾರ್ಚ್ 10. ಸಾಲ ವಾಪಸ್ ಬಂದಿಲ್ಲ. 2018ರ ಮಾರ್ಚ್ 12ರಂದು ದಾವೆ ಹೂಡಿದ್ದಾರೆ. 'ಸಹಿ ನನ್ನದೇ, ಆದರೆ ದುಡ್ಡು ತಗೊಂಡಿಲ್ಲ' ಅನ್ನುವುದು ಪ್ರತಿವಾದಿಯ ಉತ್ತರ. ಜೊತೆಗೆ ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು, ದಾಖಲೆಗಳ ಪಟ್ಟಿ, ಒಟ್ಟು ಮೂರು ಪುಟ.

'ನೀನು ತೀರ್ಪು ಕೊಡು ನೋಡೋಣ' ಅಂದಳು ಅಕ್ಕ. ಇಂಥ ದಾವೆಗೆ ಪ್ರೊನೋಟಿನ ದಿನಾಂಕದಿಂದ ಮೂರು ವರ್ಷದ ಕಾಲಮಿತಿ ಅಂತ ಅವಳೇ ಹೇಳಿಕೊಟ್ಟಿದ್ದಳು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮಾರ್ಚ್ 10ಕ್ಕೆ ಮೂರು ವರ್ಷ ಮುಗಿಯಿತು, ಇವರು ಬಂದಿದ್ದು 12ಕ್ಕೆ. 'ಎರಡು ದಿನ ಲೇಟು. ಕೇಸ್ ವಜಾ!' ಸ್ಟಾಪ್‌ವಾಚ್ ನೋಡಿದರೆ ಎರಡು ನಿಮಿಷ ಕೂಡ ಆಗಿರಲಿಲ್ಲ.

ಅಕ್ಕ ಮಾತಾಡದೆ ಎರಡನೇ ಪುಟದ ಒಂದು ಸಾಲಿನ ಮೇಲೆ ಪೆನ್ನಿಟ್ಟಳು. 2018ರ ಮಾರ್ಚ್ 10 ಎರಡನೇ ಶನಿವಾರ, ನ್ಯಾಯಾಲಯಕ್ಕೆ ರಜೆ. 11 ಭಾನುವಾರ. ಕಾಲಮಿತಿ ಮುಗಿಯುವ ದಿನ ನ್ಯಾಯಾಲಯ ಮುಚ್ಚಿದ್ದರೆ, ಮತ್ತೆ ತೆರೆದ ದಿನ ದಾವೆ ಹೂಡಬಹುದು ಅನ್ನುತ್ತದೆ ಕಾಲಮಿತಿ ಅಧಿನಿಯಮದ 4ನೇ ಸೆಕ್ಷನ್. ಸೋಮವಾರ ಬಂದವನು ಸರಿಯಾದ ಸಮಯಕ್ಕೇ ಬಂದಿದ್ದ. ಅಷ್ಟೇ ಅಲ್ಲ, ಪ್ರತಿವಾದಿ ಕಾಲಮಿತಿಯ ಮಾತೇ ಎತ್ತದಿದ್ದರೂ ನ್ಯಾಯಾಧೀಶರು ಅದನ್ನು ತಾವಾಗಿಯೇ ನೋಡಬೇಕು, ಅದು 3ನೇ ಸೆಕ್ಷನ್. ಇನ್ನು ಸಹಿ ತನ್ನದೆಂದು ಒಪ್ಪಿಕೊಂಡ ಮೇಲೆ, ಹಣ ಸಂದಾಯವಾಗಿದೆ ಎಂದೇ ಕಾನೂನು ಊಹಿಸಿಕೊಂಡು ಹೊರಡುತ್ತದೆ. ಇಲ್ಲ ಅನ್ನುವವನೇ ಅದನ್ನು ಅಲುಗಾಡಿಸಬೇಕು.

'ನೀನು ಉತ್ತರ ಹುಡುಕ್ತಿದ್ದೀಯ ಕಣೋ. ಅವರು ಕೇಳ್ತಿರೋದು ಕಾರಣ' ಅಂದಳು.

ಸಿವಿಲ್ ತೀರ್ಪಿಗೆ ಒಂದು ಅಚ್ಚುಕಟ್ಟಾದ ಚೌಕಟ್ಟಿದೆ. ಪ್ರಕರಣದ ಸಂಕ್ಷಿಪ್ತ ವಿವರ, ತೀರ್ಮಾನಿಸಬೇಕಾದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಆ ತೀರ್ಮಾನಕ್ಕೆ ಕಾರಣ. ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಇದನ್ನು ಹೇಳುತ್ತದೆ. ವಿವಾದಾಂಶ ಅಂದರೆ ಒಬ್ಬರು ಹೌದು ಅಂದು ಇನ್ನೊಬ್ಬರು ಅಲ್ಲ ಅಂದ ಮುಖ್ಯ ಸಂಗತಿ. 'ಪ್ರತಿವಾದಿಯು ಸಾಲ ಪಡೆದು ಪ್ರೊನೋಟ್ ಬರೆದುಕೊಟ್ಟರೆಂದು ವಾದಿಯು ರುಜುವಾತುಪಡಿಸುತ್ತಾರೆಯೇ?' ಎಂಬಂಥ ವಾಕ್ಯ. ಪ್ರಶ್ನೆಯನ್ನು ಹೀಗೆ ಬರೆದ ಕೂಡಲೇ ರುಜುವಾತಿನ ಹೊರೆ ಯಾರ ತಲೆ ಮೇಲೆ ಅನ್ನುವುದೂ ಅದರಲ್ಲೇ ಬಂದುಬಿಡುತ್ತದೆ. ವಿವಾದಾಂಶ ತಪ್ಪಿದರೆ ತೀರ್ಪೂ ದಾರಿ ತಪ್ಪುತ್ತದೆ. ನಮ್ಮ ಲ್ಯಾಬ್‌ನಲ್ಲಿ ಸರ್ಕ್ಯೂಟ್ ತಪ್ಪಾಗಿ ಜೋಡಿಸಿ ರೀಡಿಂಗ್ ಬರೆದುಕೊಂಡ ಹಾಗೆ.

ಅಪ್ಪನ ಕೇಸು

ಆ ರಾತ್ರಿ ನಾನು 'ಎರಡು ದಿನಕ್ಕೆ ಇಷ್ಟೆಲ್ಲ ರಗಳೆಯಾ' ಅಂತ ನಕ್ಕಾಗ ಅಕ್ಕ ನಗಲಿಲ್ಲ. 'ಅಪ್ಪನ ಕೇಸ್ ಹೋಗಿದ್ದೂ ಇದೇ ಲೆಕ್ಕದಲ್ಲಿ' ಅಂದಳು.

ನಾನು ಚಿಕ್ಕವನಿದ್ದಾಗಿನ ಮಾತು. ಅಪ್ಪ ಪಕ್ಕದ ಹೊಲ ಕೊಳ್ಳಲು ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡಿದ್ದರು. ಇಂತಿಷ್ಟು ತಿಂಗಳಲ್ಲಿ ನೋಂದಣಿ ಅಂತ ಕರಾರಿನಲ್ಲೇ ದಿನಾಂಕವಿತ್ತು. ಮಾರುವವರು 'ಮಗಳ ಮದುವೆ ಮುಗೀಲಿ', 'ಮಳೆ ಬರಲಿ' ಅನ್ನುತ್ತಾ ಹೋದರು. ಅಪ್ಪ ನಂಬುತ್ತಾ ಹೋದರು. ಕೊನೆಗೆ ಕೋರ್ಟಿಗೆ ಹೋದಾಗ ಆ ದಿನಾಂಕದಿಂದ ಮೂರು ವರ್ಷ ದಾಟಿ ಹೋಗಿತ್ತು. ದಾವೆ ವಜಾ ಆಯಿತು. ತೀರ್ಪು ಇಂಗ್ಲಿಷ್‌ನಲ್ಲಿತ್ತು. ವಕೀಲರು 'ಹೋಯ್ತು ಗೌಡ್ರೇ, ಅಪೀಲು ನೋಡೋಣ' ಅಂದರಂತೆ. ಅಪ್ಪ ಅಪೀಲಿಗೆ ಹೋಗಲಿಲ್ಲ. ಆ ಹಾಳೆಗಳನ್ನು ಪಹಣಿ, ಕಂದಾಯ ರಸೀದಿಗಳ ಜೊತೆ ಟ್ರಂಕಿನಲ್ಲಿಟ್ಟರು. ಎದುರು ಪಾರ್ಟಿ ದುಡ್ಡು ಕೊಟ್ಟು ಗೆದ್ದಿದ್ದಾನೆ ಅಂತ ಎಷ್ಟೋ ವರ್ಷ ನಂಬಿದ್ದರು, ಜಗಲಿ ಮೇಲೆ ಕೂತವರ ಹತ್ತಿರ ಹೇಳುತ್ತಲೂ ಇದ್ದರು.

ಅಕ್ಕ ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದಾಗ ಒಂದು ದೀಪಾವಳಿ ರಜೆಯಲ್ಲಿ ಆ ತೀರ್ಪು ತೆಗೆದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಕರಾರು ನಿಜ, ಮುಂಗಡ ಕೊಟ್ಟದ್ದು ನಿಜ ಅಂತ ನ್ಯಾಯಾಧೀಶರು ಅಪ್ಪನ ಪರವಾಗಿಯೇ ಬರೆದಿದ್ದರು. ಸೋಲಿಸಿದ್ದು ದಿನಾಂಕ ಒಂದೇ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, 'ಇಷ್ಟೇನಾ? ನಾನು ಸುಳ್ಳ ಅಂತ ಬರೆದಿಲ್ವಾ?' ಅಂದರು. ಹೊಲ ವಾಪಸ್ ಬರಲಿಲ್ಲ. ಆದರೆ ಅವತ್ತಿನಿಂದ ಜಗಲಿ ಮೇಲೆ ಅವರು ಆ ನ್ಯಾಯಾಧೀಶರನ್ನು ಬಯ್ಯುವುದು ನಿಂತಿತು.

'ಗೆದ್ದವನು ಕೊನೆ ಸಾಲು ಮಾತ್ರ ಓದ್ತಾನೆ. ಪೂರ್ತಿ ಓದೋದು ಸೋತವನು. ಅವನಿಗೆ ಅರ್ಥ ಆಗೋ ಹಾಗೆ ಬರೀಬೇಕು' ಅಂತ ಅಕ್ಕ ಹೇಳಿದ್ದು ಆ ರಾತ್ರಿಯೇ. ಅನುವಾದದಲ್ಲಿ ಫೇಲಾದದ್ದು ಅವಳಿಗೆ ಯಾಕೆ ಅಷ್ಟು ಚುಚ್ಚಿತ್ತು ಅಂತ ನನಗೆ ಆಗ ಗೊತ್ತಾಯಿತು.

'ಎಂದರೆ ಸರಿಯಲ್ಲ'

ಅನುವಾದ ಎರಡೂ ದಿಕ್ಕಿಗೆ: ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ. ಕಥೆ ಕವಿತೆಯಲ್ಲ, ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪಿನ ಭಾಗಗಳು. ಮನೆಯ ಕನ್ನಡ ಇಲ್ಲಿ ಸಾಲದು. ಅಭ್ಯಾಸದಲ್ಲಿ ಅಕ್ಕ ಒಮ್ಮೆ 'ಪೊಸೆಷನ್' ಅನ್ನುವುದಕ್ಕೆ 'ಒಡೆತನ' ಅಂತ ಬರೆದಿದ್ದಳು. ಅದು 'ಸ್ವಾಧೀನ' ಆಗಬೇಕು. ಹೊಲ ಒಬ್ಬನ ಸ್ವಾಧೀನದಲ್ಲಿದ್ದು, ಒಡೆತನ ಇನ್ನೊಬ್ಬನದಾಗಿರಬಹುದು. ಕೋರ್ಟಿನ ಅರ್ಧ ಜಗಳ ಇದೇ. 'ಕ್ರಯದ ಕರಾರು' ಬೇರೆ, 'ಕ್ರಯಪತ್ರ' ಬೇರೆ. ಕರಾರು ಒಂದರಿಂದಲೇ ಆಸ್ತಿ ನಮ್ಮದಾಗುವುದಿಲ್ಲ ಅನ್ನುವುದು ನಮ್ಮ ಮನೆಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಚಕ್ಕುಬಂದಿ, ಪಿತ್ರಾರ್ಜಿತ, ಸ್ವಯಾರ್ಜಿತ, ಮಹಜರು, ಪ್ರತಿಬಂಧಕಾಜ್ಞೆ. ಇಂಥ ಪದಗಳನ್ನು ಬರೆದು ಅಕ್ಕ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಹಾಲು ತೆಗೆಯಲು ಹೋದ ಅಮ್ಮನಿಗೂ ಬಾಯಿಪಾಠವಾಗಿಬಿಟ್ಟಿತು. ನನಗೆ ತುಂಬಾ ಹಿಡಿಸಿದ್ದು ಪಾಟೀ ಸವಾಲಿನ ಭಾಷೆ. ಎದುರು ವಕೀಲರ ಸೂಚನೆಯನ್ನು ಸಾಕ್ಷಿ ಒಪ್ಪದಿದ್ದರೆ 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ' ಅಂತ ದಾಖಲಾಗುತ್ತದೆ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಇದೇ ಮಾತು. 'ರಾತ್ರಿ ಎರಡರವರೆಗೆ ಮೊಬೈಲ್ ನೋಡ್ತಿದ್ಯಾ?' ಅಂತ ಅಪ್ಪ ಕೇಳಿದರೆ, 'ನೋಡುತ್ತಿದ್ದೆ ಎಂದರೆ ಸರಿಯಲ್ಲ' ಅನ್ನುತ್ತಿದ್ದೆ. ಅಪ್ಪ ನಂಬಿದರು ಎಂದರೂ ಸರಿಯಲ್ಲ.

ಕ್ರಿಮಿನಲ್ ಪತ್ರಿಕೆಯ ಕಷ್ಟ ಬೇರೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆದರೆ ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಉದಾಹರಣೆಗೆ, ಸರಗಳ್ಳತನದಂಥ ಕಸಿದುಕೊಳ್ಳುವ ಕೃತ್ಯಕ್ಕೆ ಹೊಸ ಸಂಹಿತೆಯ 304ನೇ ಸೆಕ್ಷನ್ ಪ್ರತ್ಯೇಕವಾಗಿಯೇ ಇದೆ, ಹಳೆಯದರಲ್ಲಿ ಅಂಥದ್ದು ಇರಲಿಲ್ಲ. ಹಾಗಾಗಿ ದೋಷಾರೋಪಣೆ ಬರೆಯುವ ಮೊದಲು ನೋಡಬೇಕಾದ್ದು ಘಟನೆಯ ದಿನಾಂಕ. ಯಾವಾಗ, ಎಲ್ಲಿ, ಯಾರ ಮೇಲೆ, ಯಾವ ಸೆಕ್ಷನ್, ಇಷ್ಟೂ ಆರೋಪಿಗೆ ತಿಳಿಯುವಂತಿರಬೇಕು. ಸಿವಿಲ್‌ನಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಅಂತ ತೂಗಿದರೆ ಸಾಕು. ಇಲ್ಲಿ ಸಕಾರಣವಾದ ಒಂದು ಸಂಶಯ ಉಳಿದರೂ ಅದರ ಲಾಭ ಆರೋಪಿಗೆ. ಯಾವ ಸಾಕ್ಷಿಯ ಯಾವ ಮಾತಿನಿಂದ ಸಂಶಯ ಹುಟ್ಟಿತು ಅನ್ನುವುದನ್ನೂ ಬರೆಯಬೇಕು. 'ಸಾಕ್ಷ್ಯ ಸಾಲದು' ಅಂದುಬಿಟ್ಟರೆ ಆಗದು.

ಬರೆಯಲು ಹೊರಟವರಿಗೆ

ಪರೀಕ್ಷೆಯ ಹಿಂದಿನ ಸಂಜೆ ಯಶವಂತಪುರದವರೆಗೆ ರೈಲಿನಲ್ಲಿ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಎರಡು ದಿನವೂ ನಾನು ಗೇಟಿನ ಹೊರಗೆ. ಮೊದಲ ದಿನ ಸಂಜೆ ಅಕ್ಕ ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತಾ ಬಂದಳು. ಅವಳನ್ನು ನೋಡಿ ನಾನು ಕಲಿತದ್ದಿಷ್ಟು.

ಕೈಗೆ ಅಭ್ಯಾಸ ಬೇಕು. ಒಂದೊಂದು ಪತ್ರಿಕೆಗೂ ಮೂರು ಗಂಟೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಟೈಪ್ ಮಾಡಿ ಅಭ್ಯಾಸವಾದ ಬೆರಳು ಎರಡನೇ ಗಂಟೆಗೇ ಮುಷ್ಕರ ಹೂಡುತ್ತದೆ. ಅಕ್ಕ ಮೊದಲ ವಾರ ಮೂರು ಗಂಟೆಯಲ್ಲಿ ಅರ್ಧ ತೀರ್ಪನ್ನೂ ಮುಗಿಸಿರಲಿಲ್ಲ. ಸಂಗತಿಗಳನ್ನೇ ಮತ್ತೆ ನಕಲು ಮಾಡುತ್ತಾ ಸಮಯ ಕಳೆಯುತ್ತಿದ್ದಳು. ವಿವರ ಮೊಟಕು ಮಾಡಿ, ಕಾರಣಗಳಿಗೆ ಹೆಚ್ಚು ಹೊತ್ತು ಉಳಿಸಿಕೊಳ್ಳಲು ಶುರು ಮಾಡಿದ ಮೇಲೆ ಲಯ ಸಿಕ್ಕಿತು.

ಬರೆಯುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ. ದಿನಾಂಕಗಳನ್ನೆಲ್ಲ ಒಂದು ಕಡೆ ಗುರುತು ಹಾಕಿಕೊಳ್ಳಿ. ತೀರ್ಪಿನ ಕೊನೆಗೆ ಸಹಿಯ ಜಾಗದಲ್ಲಿ ಹುರುಪಿನಿಂದ ನಿಮ್ಮ ಹೆಸರು ಬರೆದುಬಿಡಬೇಡಿ. ಉತ್ತರಪತ್ರಿಕೆಯಲ್ಲಿ ಗುರುತು ಬಿಟ್ಟುಕೊಡುವಂತಿಲ್ಲ.

ಇನ್ನೊಂದು ಮಾತು, ಕಾನೂನು ಓದುತ್ತಿರುವ ಗೆಳೆಯರಿಗೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಪದವಿ ಮುಗಿಸಿ ನೇರವಾಗಿ ಕೋಚಿಂಗ್ ಸೆಂಟರ್‌ಗೆ ದುಡ್ಡು ಕಟ್ಟುವ ಮೊದಲು ಅಧಿಸೂಚನೆಯ ಅರ್ಹತೆಯ ಭಾಗವನ್ನು ನಿಧಾನವಾಗಿ ಓದಿ. ನಾಲ್ಕು ವರ್ಷ ಕೋರ್ಟಿನಲ್ಲಿ ಕಳೆದ ಅಕ್ಕನ ಪ್ರಕಾರ, ಸಾಕ್ಷಿ ಕಟಕಟೆಯಲ್ಲಿ ನಿಂತು ತಡವರಿಸುವುದನ್ನು ಕಣ್ಣಾರೆ ಕಂಡವರಿಗೆ ತೀರ್ಪಿನ ಪತ್ರಿಕೆ ಅಷ್ಟು ಅಪರಿಚಿತ ಅನ್ನಿಸುವುದಿಲ್ಲ.

ಎರಡನೇ ದಿನ ಸಂಜೆ ರೈಲಿನಲ್ಲಿ 'ಹೇಗಾಯ್ತು?' ಅಂತ ಫೋನಿನಲ್ಲಿ ಕೇಳಿದ್ದು ಅಪ್ಪ. ಅಕ್ಕ 'ಅನುವಾದ ಪೂರ್ತಿ ಮುಗಿಸಿದೆ' ಅಂದಳು, ಅಷ್ಟೇ. 'ಸರಿ, ಊಟ ಮಾಡಿ' ಅಂದರು ಅಪ್ಪ. ಫಲಿತಾಂಶ ಇನ್ನೂ ಬಂದಿಲ್ಲ. ಅಕ್ಕ ಸೋಮವಾರದಿಂದಲೇ ಕಪ್ಪು ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದಾಳೆ. ಫ್ರಿಜ್ ಮೇಲಿನ ಚೀಟಿಗಳನ್ನು ಅಮ್ಮ ಇನ್ನೂ ಕಿತ್ತಿಲ್ಲ.

ನಾನೀಗ ನನ್ನ ಬಾಕಿ ಪೇಪರಿಗೆ ಓದುತ್ತಿದ್ದೇನೆ. ಮೊನ್ನೆ ಅಭ್ಯಾಸಕ್ಕೆ ಬಿಡಿಸಿದ ಲೆಕ್ಕದಲ್ಲಿ ಉತ್ತರ ಸರಿ ಬಂತು. ಹೇಗೆ ಬಂತು ಅಂತ ಪಕ್ಕದಲ್ಲಿದ್ದ ಗೆಳೆಯ ಕೇಳಿದಾಗ ಹೇಳಲು ಆಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಸ್ಟಾಪ್‌ವಾಚ್ ಒತ್ತಿದ್ದು ಅಕ್ಕ.