ಕೆರೆಗೊಂದು ಗಾಳದ ಕಟ್ಟೆ



ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ನಮಗಿರುವುದು ಕೆರೆಗಳು. ಹಲವು ವರ್ಷ ಬತ್ತಿದ್ದ ಎಷ್ಟೋ ಕೆರೆಗಳು 2021 ಮತ್ತು 2022ರ ಭಾರಿ ಮಳೆಗೆ ತುಂಬಿ ಕೋಡಿ ಹರಿದವು. ನೀರೇನೋ ಬಂತು, ಆದರೆ ನೀರಿನ ಅರಿವು ಅದರೊಡನೆ ಬರಲಿಲ್ಲ. ಒಣಗಿದ ಕೆರೆಯನ್ನೇ ನೋಡುತ್ತ ಬೆಳೆದ ಮಕ್ಕಳಿಗೆ, ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ಎಲ್ಲಿವೆ ಎಂಬುದು ತಿಳಿಯದು. ದಡದಲ್ಲಿ ಮೊಣಕಾಲುದ್ದ ನೀರು. ಎರಡು ಹೆಜ್ಜೆ ಮುಂದಿಟ್ಟರೆ ಎರಡಾಳುದ್ದ. ಕೆರೆಗೆ ಹೋದ ಮಕ್ಕಳು ಮನೆಗೆ ಮರಳದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

"ಕೆರೆಯ ಕಡೆ ಹೋಗಬೇಡಿ" ಎಂದರೆ ಮಕ್ಕಳು ಕೇಳುವುದಿಲ್ಲ. ಸುರಕ್ಷಿತವಾದ ಒಂದು ಜಾಗ ಮಾಡಿಕೊಟ್ಟು ಅಲ್ಲಿಯೇ ಕಲಿಸುವುದು ಮೇಲು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಮುದ್ರದೊಳಕ್ಕೆ ಚಾಚಿದ ಸಾರ್ವಜನಿಕ ಕಟ್ಟೆಗಳಿದ್ದು, ಪರವಾನಗಿ ಇಲ್ಲದವರೂ ಅವುಗಳ ಮೇಲೆ ನಿಂತು ಗಾಳ ಹಾಕಬಹುದು. ಅದನ್ನೇ ಚಿಕ್ಕದಾಗಿ ನಮ್ಮ ಕೆರೆಗೆ ಹೊಂದಿಸಿಕೊಳ್ಳಬಹುದು.

ಸ್ಥಳದ ಆಯ್ಕೆ

ಕಟ್ಟೆಯನ್ನು ಎಂದಿಗೂ ಏರಿಗೆ ಸೇರಿಸಿ ಕಟ್ಟಬೇಡಿ. ಏರಿಯ ಒಳಮೈಯಲ್ಲಿ ಕಂಬ ನೆಡಲು ಗುಂಡಿ ತೋಡಿದರೆ ಆ ಜಾಡಿನಲ್ಲಿ ನೀರು ಜಿನುಗಿ, ಕೊನೆಗೆ ಏರಿಯೇ ಒಡೆಯಬಹುದು. ತೂಬು ಮತ್ತು ಕೋಡಿಯ ಬಳಿ ಸೆಳೆತವಿರುತ್ತದೆ. ನೀರು ಒಳಬರುವ ಕಡೆ ಹೂಳು ತುಂಬುತ್ತದೆ. ಆದುದರಿಂದ ಪಕ್ಕದ ದಡದಲ್ಲಿ, ನೆಲ ನಿಧಾನವಾಗಿ ಇಳಿಯುವ ಜಾಗವನ್ನು ಆರಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಗಳದಲ್ಲಿ ನಡೆದು ನೋಡಿ, ಹತ್ತಿರದ ಗುಂಡಿಗಳನ್ನು ಮೊದಲು ಮುಚ್ಚಿಸಿ.

ಕಟ್ಟುವ ಬಗೆ

ದ್ರಾಕ್ಷಿ ಚಪ್ಪರಕ್ಕೆ ಬಳಸುವ ಕಲ್ಲುಕಂಬ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಅದಕ್ಕಿಂತ ದಪ್ಪನೆಯ ಕಂಬಗಳನ್ನು ಗಟ್ಟಿ ನೆಲದವರೆಗೆ ಇಳಿಸಿ, ಮೇಲೆ ಕಲ್ಲು ಚಪ್ಪಡಿ ಹಾಸಿದರೆ ಕಟ್ಟೆ ಬಾಳಿಕೆ ಬರುತ್ತದೆ. ಎಂಟು ಅಡಿ ಅಗಲ, ಮೂವತ್ತು ಅಡಿ ಉದ್ದ ಒಂದು ಶಾಲಾ ತರಗತಿಗೆ ಸಾಕು. ಬೇಸಿಗೆಗೆ ನೀರು ಹಿಂದೆ ಸರಿಯುವುದರಿಂದ ಎರಡು ಮೂರು ಮಟ್ಟಗಳಲ್ಲಿ ಮೆಟ್ಟಿಲಿನಂತೆ ಕಟ್ಟಿ. ಮೂರೂವರೆ ಅಡಿ ಎತ್ತರದ ಕಟಕಟೆ, ಚಿಕ್ಕ ಮಕ್ಕಳು ನುಸುಳದಂತೆ ಕೆಳಗೂ ಅಡ್ಡಪಟ್ಟಿ, ಹಗ್ಗ ಕಟ್ಟಿದ ಎರಡು ಗಾಳಿ ತುಂಬಿದ ಟ್ಯೂಬು ಇರಲೇಬೇಕು. ಭಾರದ ಲೆಕ್ಕವನ್ನು ಎಂಜಿನಿಯರರಿಂದ ಮಾಡಿಸಿ.

ಕಲಿಯಬೇಕಾದ ಪಾಠ

ನಾನು ಬೇಸಾಯಶಾಸ್ತ್ರದವನು. ಗಾಳ, ಬೀಸುಬಲೆ, ಕೂಳಿ ಕಲಿಸುವುದಕ್ಕೆ ನಿಮ್ಮೂರಿನ ಬೆಸ್ತರೇ ನನಗಿಂತ ಉತ್ತಮ ಗುರುಗಳು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ ಎಂಬುದನ್ನು ಗಾಳದ ಆಳ ಬದಲಿಸಿಯೇ ಮಕ್ಕಳಿಗೆ ತೋರಿಸಬಹುದು. 20 ಸೆಂ.ಮೀ. ಅಗಲದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ಗುರುತು ಹಾಕಿದ ದಾರದಲ್ಲಿ ಇಳಿಬಿಡಿ. ಹಸಿರು ನೀರಿನಲ್ಲಿ ಅದು 20 ಸೆಂ.ಮೀ. ಆಳಕ್ಕೆ ಮೊದಲೇ ಮರೆಯಾದರೆ ಪಾಚಿ ಅತಿಯಾಗಿದೆ ಎಂದು ತಿಳಿಯಿರಿ. ಇಂಥ ನೀರಿನಲ್ಲಿ ಬೆಳಗಿನ ಜಾವ ಆಮ್ಲಜನಕ ಕುಸಿದು, ಮೀನುಗಳು ಮೇಲೆ ಬಂದು ಬಾಯಿಬಿಡುತ್ತವೆ.

ಇಲ್ಲಿ ದೊಡ್ಡವರಿಗೂ ಒಂದು ಪಾಠವಿದೆ. ಹೊಲಕ್ಕೆ ಅಗತ್ಯ ಮೀರಿ ಹಾಕಿದ ಗೊಬ್ಬರ ಮಳೆಯಲ್ಲಿ ತೊಳೆದು ಬಂದು ಪಾಚಿಯಾಗುತ್ತದೆ. ಪೈರೆತ್ರಾಯ್ಡ್ ಗುಂಪಿನ ಕೀಟನಾಶಕಗಳು ಅತಿ ಕಡಿಮೆ ಪ್ರಮಾಣದಲ್ಲಿಯೇ ಮೀನಿಗೆ ಮಾರಕ. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತವೂ ಮೀನಿಗೆ ವಿಷವೇ. ಸಿಂಪಡಣೆ ಯಂತ್ರವನ್ನು ಕೆರೆಯಲ್ಲಾಗಲಿ ರಾಜಕಾಲುವೆಯಲ್ಲಾಗಲಿ ತೊಳೆಯಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸು ಮಾಡಿದಷ್ಟೇ ಗೊಬ್ಬರ ಕೊಡಿ. ತನ್ನ ಗಾಳಕ್ಕೆ ಬಿದ್ದ ಮೀನನ್ನು ಕಂಡ ಮಗುವೇ ನಾಳೆ ನಿಮ್ಮನ್ನು ಈ ಬಗ್ಗೆ ಕೇಳುತ್ತದೆ.

ಕಟ್ಟುವ ಮುನ್ನ

ಕೆರೆಯ ಅಂಗಳದಲ್ಲಿ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ನೆಡುವಂತಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ಆಡಳಿತಕ್ಕೆ ಸೇರಿವೆ. ಮೀನು ಹಿಡಿಯುವ ಹಕ್ಕು ಗುತ್ತಿಗೆಯಾಗಿದ್ದರೆ ಗುತ್ತಿಗೆದಾರರ ಒಪ್ಪಿಗೆಯನ್ನೂ ಪಡೆಯಿರಿ. ವಾರಕ್ಕೆ ಎರಡು ದಿನ, ಕೈಗಾಳಕ್ಕೆ ಮಾತ್ರ, ಮರಿಮೀನನ್ನು ಮರಳಿ ನೀರಿಗೆ ಬಿಡುವ ಕರಾರಿನಲ್ಲಿ ಕೇಳಿದರೆ ಅವರ ಆದಾಯಕ್ಕೆ ಧಕ್ಕೆಯಿಲ್ಲ. ಹರಿದ ನೈಲಾನ್ ದಾರವನ್ನು ಹಾಕಲು ಒಂದು ಡಬ್ಬಿ ಇಡಿ. ಅದು ನೀರಿಗೆ ಬಿದ್ದರೆ ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಕಾರ್ಖಾನೆಯ ಅಥವಾ ಚರಂಡಿಯ ಕೊಳಚೆ ಸೇರುವ ಕೆರೆಯಲ್ಲಿ ಹಿಡಿದ ಮೀನನ್ನು ತಿನ್ನಬೇಡಿ.

ಹೆಚ್ಚಿನ ಸಲಹೆಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯನ್ನು, ಗೊಬ್ಬರ ಮತ್ತು ಔಷಧಿಯ ವಿಷಯಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿರಿ. ಕಟ್ಟೆ ಏಳುವುದು ತಡವಾದರೂ ಗುಂಡಿ ಮುಚ್ಚುವ ಕೆಲಸವನ್ನು ಮಾತ್ರ ಈ ಬೇಸಿಗೆಯಲ್ಲೇ ಮುಗಿಸಿರಿ.