ಆಪ್ತಸಲಹೆಗಾರ್ತಿಯ ಉದ್ಯೋಗವೂ ಅದಕ್ಕೆ ಬೇಕಾದ ಶಿಕ್ಷಣವೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಬಾಲಿಕೆಯರಲ್ಲಿ ಅನೇಕರು ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವರು. ಈಗ ಇನ್ನೊಂದು ಸೇವಾಮಾರ್ಗವು ಅವರ ಮುಂದೆ ತೆರೆದಿರುತ್ತದೆ. ಅದು ಆಪ್ತಸಲಹೆಗಾರ್ತಿಯ ಉದ್ಯೋಗ. ಇದನ್ನು ಕುರಿತು ತಾಯಿತಂದೆಗಳು ವಿಚಾರಿಸುವದರಿಂದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

“ಬುದ್ಧಿ ಹೇಳುವದಕ್ಕೆ ಪದವಿ ಯಾತಕ್ಕೆ? ನಮ್ಮ ಅಜ್ಜಿಯರು ಹೇಳಲಿಲ್ಲವೇ?” ಎಂದು ಕೆಲವರು ಕೇಳುವದುಂಟು. ಆದರೆ ಬುದ್ಧಿ ಹೇಳುವದು ಬೇರೆ, ಆಪ್ತಸಲಹೆಯು ಬೇರೆ. ಯೋಬನ ಮೂವರು ಮಿತ್ರರು ಏಳು ದಿನ ಹಗಲಿರುಳು ಅವನ ಬಳಿಯಲ್ಲಿ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಅವನಿಗೆ ಮಿತ್ರರೇ ಆಗಿದ್ದರು. ಬಾಯ್ದೆರೆದು ಬುದ್ಧಿ ಹೇಳತೊಡಗಿದ ಮೇಲೆ ಅವನ ನೋವನ್ನು ಹೆಚ್ಚಿಸಿದರು. ಅಮೇರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್‌ರವರು ಕಪಟವಿಲ್ಲದ ನಡೆ, ನಿಬಂಧನೆಯಿಲ್ಲದ ಆದರ, ಪರರ ಸ್ಥಾನದಲ್ಲಿ ನಿಂತು ಅವರ ದುಃಖವನ್ನು ತಿಳಿಯುವ ಶಕ್ತಿ ಎಂಬ ಮೂರು ಗುಣಗಳು ಸಲಹೆಗಾರರಲ್ಲಿ ಅವಶ್ಯವೆಂದು 1957ರಲ್ಲಿ ಪ್ರತಿಪಾದಿಸಿದರು. ಇವು ಸ್ವಭಾವದಿಂದ ಕೊಂಚ ಬರುವವು. ಉಳಿದದ್ದು ಅಭ್ಯಾಸದಿಂದ ಬರತಕ್ಕದ್ದು.

ಶಿಕ್ಷಣದ ಕ್ರಮವು ಹೀಗಿದೆ. ಮೊದಲು ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎ. ಅಥವಾ ಬಿ.ಎಸ್ಸಿ. ಪದವಿಯನ್ನು ಪಡೆದು, ಬಳಿಕ ಎರಡು ವರ್ಷಗಳ ಎಂ.ಎ. ಅಥವಾ ಎಂ.ಎಸ್ಸಿ. ಮಾಡುವದು ನೇರವಾದ ದಾರಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗವು 1924ರಲ್ಲಿಯೇ ಆರಂಭವಾಯಿತು. ಬೇರೆ ವಿಷಯದಲ್ಲಿ ಪದವಿ ಪಡೆದವರು ನಿರಾಶರಾಗಬೇಕಾದದ್ದಿಲ್ಲ. ಸಮಾಜಕಾರ್ಯದ ಎರಡು ವರ್ಷಗಳ ಎಂ.ಎಸ್.ಡಬ್ಲ್ಯು. ಪದವಿಯಿಂದಲೂ ಈ ಕಡೆಗೆ ಬರಬಹುದು. ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆ ನಡಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆನ್ನುವವರು ಮಾತ್ರ ಮತ್ತಷ್ಟು ಕಲಿತು, 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ದಾಖಲಿಸತಕ್ಕದ್ದು. ಇಂಥ ಉನ್ನತ ಶಿಕ್ಷಣಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದಲ್ಲೆಲ್ಲಾ ಪ್ರಖ್ಯಾತವಾದದ್ದು. ಕೆಲವೇ ವಾರಗಳಲ್ಲಿ ಪ್ರಮಾಣಪತ್ರ ಕೊಡುವ ತರಗತಿಗಳನ್ನು ನಂಬಿ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಅನುಭವಿಗಳ ಮೇಲ್ವಿಚಾರಣೆಯಲ್ಲಿ ಬಹುಕಾಲ ಅಭ್ಯಾಸ ಮಾಡದವಳಿಗೆ ಒಡೆದ ಮನಸ್ಸನ್ನು ಮುಟ್ಟುವ ಅಧಿಕಾರವಿಲ್ಲ.

ಉದ್ಯೋಗಸ್ಥಾನಗಳು ಹಲವು. ಶಾಲೆ ಕಾಲೇಜುಗಳಲ್ಲದೆ, 1984ರ ಕಾಯಿದೆಯಿಂದ ಏರ್ಪಟ್ಟ ಕುಟುಂಬ ನ್ಯಾಯಾಲಯಗಳಲ್ಲಿಯೂ, ಹದಿಹರೆಯದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹಾ ಕ್ಲಿನಿಕ್‌ಗಳಲ್ಲಿಯೂ ಸಲಹೆಗಾರರು ಬೇಕಾಗಿದ್ದಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದವರ ಸಂಕಟವನ್ನು ಕನ್ನಡದಲ್ಲಿಯೇ ಕೇಳುವವರು ಇದ್ದಾರೆ.

ಒಂದು ಕಠಿಣವಾದ ಸಂಗತಿಯನ್ನು ನಾವು ಮರೆಮಾಚಲಾರೆವು. ಕೇಳಿದ ಗುಟ್ಟನ್ನು ಕಾಪಾಡುವದು ಈ ವೃತ್ತಿಯ ಜೀವಾಳ. ಆದರೂ ಎಲ್ಲಾ ಗುಟ್ಟನ್ನು ಕಾಪಾಡುವದಕ್ಕಾಗದು. ತನ್ನ ಮೇಲೆ ಲೈಂಗಿಕ ದೌರ್ಜನ್ಯವಾಯಿತೆಂದು ಹದಿನೆಂಟು ತುಂಬದ ಹುಡುಗಿಯೊಬ್ಬಳು ಅಳುತ್ತಾ ತಿಳಿಸಿದರೆ, 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಅಪರಾಧಿಯು ಮನೆಯವನೇ ಆಗಿದ್ದರೂ, ಮಾನ ಹೋದೀತೆಂದು ಹಿರಿಯರು ಬೇಡಿಕೊಂಡರೂ ವಿನಾಯಿತಿ ಇಲ್ಲ. ಆದುದರಿಂದ ಒಳ್ಳೆಯ ಸಲಹೆಗಾರ್ತಿಯು ಮೊದಲ ದಿನವೇ, ಯಾವ ಮಾತು ತನ್ನಲ್ಲಿಯೇ ಉಳಿಯುವದು, ಯಾವದು ಉಳಿಯಲಾರದು ಎಂಬದನ್ನು ಮಗುವಿಗೆ ಸ್ಪಷ್ಟವಾಗಿ ತಿಳಿಸುವಳು. ಹಾಗೆ ಮಾಡದಿದ್ದರೆ ಆ ಮಗುವು ಎರಡನೆಯ ಸಾರಿ ಮೋಸಹೋದಂತಾಗುವದು.

ಪ್ರಿಯ ತಾಯಿತಂದೆಗಳೇ, ನಿಮ್ಮ ಮಗಳು ಈ ದಾರಿಯನ್ನು ಹಿಡಿಯಬೇಕೆಂದರೆ ಸಂಬಳವು ಎಷ್ಟೆಂದು ಮಾತ್ರ ಕೇಳಬೇಡಿರಿ. ಇತರರ ಮಾತನ್ನು ಕೊನೆಯ ವರೆಗೆ ಕೇಳುವ ತಾಳ್ಮೆಯು ಅವಳಲ್ಲಿ ಉಂಟೋ ಎಂದು ನೋಡಿರಿ. ಅವಳ ಮಾತನ್ನು ನೀವು ಕೊನೆಯ ವರೆಗೆ ಕೇಳಿದ್ದೀರೋ ಎಂದೂ ನೋಡಿಕೊಳ್ಳಿರಿ. ಆ ತಾಳ್ಮೆಯನ್ನು ಮಕ್ಕಳು ಮೊದಲು ಕಲಿಯುವದು ಮನೆಯಲ್ಲಿಯೇ. ಅಂಥ ಮನೆಗಳಿಂದ ಬಂದ ನಮ್ಮ ಬಾಲಿಕೆಯರು ದುಃಖಿಸುವವರಿಗೆ ಆಸರೆಯಾಗಲೆಂದು ದೇವರನ್ನು ಬೇಡಿಕೊಳ್ಳುತ್ತೇವೆ.